ಮುಗಿಲ ಪಟ್ಟಣವೂ ಕಲ್ಯಾಣ ಪಟ್ಟಣವೂ

ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಸಂಜೆ, ಹೆಬ್ಬಾಳದ ಕೆರೆಗೆ ಸಮೀಪವಾದ ಬಹುಮಹಡಿ ವಸತಿ ಸಮುಚ್ಚಯವೊಂದರಲ್ಲಿ ನೆಲೆಸಿರುವ ಶರಣ ದಂಪತಿಗಳು ತಮ್ಮ ಮನೆಯಲ್ಲಿ ವಚನ ಚಿಂತನ ಗೋಷ್ಠಿಯನ್ನು ಏರ್ಪಡಿಸಿ ನಮ್ಮನ್ನು ಬರಮಾಡಿಕೊಂಡಿದ್ದರು. ಚಿಂತನೆಗೆ ಅವರೇ ಗೊತ್ತುಪಡಿಸಿದ್ದ ವಿಷಯ ‘ಕಲ್ಯಾಣದ ಸಮಾನತೆ’. ನಾವು ಮಠದ ನೆರಳಿನಲ್ಲಿ ಓದಿ ಬೆಳೆದವರು. ಈ ವಿಷಯವಾಗಿ ನಾಲ್ಕು ದಶಕಗಳಿಂದ ಮಾತನಾಡುತ್ತಲೇ ಬಂದವರು. ಆದುದರಿಂದ ವಿಶೇಷ ಸಿದ್ಧತೆಯೇನೂ ಬೇಕೆನಿಸಿರಲಿಲ್ಲ.

ಮಹಾದ್ವಾರದಲ್ಲಿ ಕಾವಲುಗಾರರ ಪುಸ್ತಕಕ್ಕೆ ಹೆಸರು ಬರೆದು ಒಳಬಂದಾಗ, ಆ ಮನೆಯ ಕೆಲಸಕ್ಕೆ ಬರುವ ತಾಯಿಯೊಬ್ಬರು ನಮ್ಮನ್ನು ಕರೆದೊಯ್ಯಲೆಂದು ನಿಂತಿದ್ದರು. ಯಾದಗಿರಿ ಕಡೆಯವರೆಂಬುದು ಅವರ ಮಾತಿನಲ್ಲಿಯೇ ತಿಳಿಯಿತು. ಕೊರಳಲ್ಲಿ ಶಿವದಾರವಿತ್ತು. ನಮ್ಮ ಪುಸ್ತಕದ ಚೀಲವನ್ನೂ ಪತ್ರಿ-ಹೂವಿನ ಬುಟ್ಟಿಯನ್ನೂ ತಾವೇ ತೆಗೆದುಕೊಂಡರು. ಲಿಫ್ಟಿನ ಬಳಿ ಬಂದೊಡನೆ, “ನೀವು ಇದರಾಗ ಹೋಗ್ರಿ ಅಜ್ಜಾರ, ನಾ ಹಿಂದಿನದರಾಗ ಬರ್ತೀನಿ” ಎಂದರು. ಗೋಡೆಯ ಮೇಲೊಂದು ಫಲಕವಿತ್ತು. ಮನೆಗೆಲಸದವರು, ಸಾಮಾನು ತರುವವರು, ಕಸ ಒಯ್ಯುವವರು ಹಿಂಬದಿಯ ಲಿಫ್ಟನ್ನೇ ಬಳಸತಕ್ಕದ್ದೆಂದು ಅದರ ತಾತ್ಪರ್ಯ. ನಾವು ಅದನ್ನು ಓದಿದೆವು. ಓದಿ, ಏನೂ ಮಾತನಾಡದೆ ಒಬ್ಬರೇ ಹನ್ನೊಂದನೆಯ ಅಂತಸ್ತಿಗೆ ಏರಿದೆವು. ಅಲ್ಲಿ ಒಂದು ಗಂಟೆಯ ಕಾಲ ಸಮಾನತೆಯನ್ನು ಕುರಿತು ಮಾತನಾಡಿದೆವು. ಪತ್ರಿಯ ಬುಟ್ಟಿ ನಮಗಿಂತ ಹತ್ತು ನಿಮಿಷ ತಡವಾಗಿ ಬಂದಿತು. ಹಿಂದಿನ ಲಿಫ್ಟಿನಲ್ಲಿ ಯಾರದೋ ಮನೆಯ ಕಪಾಟು ಏರುತ್ತಿತ್ತಂತೆ.

ಪ್ರಸಾದವಾದ ಮೇಲೆ, ಪ್ರೌಢಶಾಲೆಯಲ್ಲಿ ಓದುತ್ತಿರುವ ಆ ಮನೆಯ ಮೊಮ್ಮಗ ನಮ್ಮ ಬಳಿ ಬಂದು ಕುಳಿತ. “ತಾತ, ನೀವು ಹೇಳಿದ ಕಲ್ಯಾಣದ ಹಾಗೇ ಒಂದು ಸೀರಿಯಲ್ ಇದೆ. ಅದರಲ್ಲಿ ಜಾತಿ ಇಲ್ಲ, ದುಡ್ಡೂ ಇಲ್ಲ. ತೋರಿಸಲಾ?” ಎಂದ. ಹುಡುಗರ ಸೀರಿಯಲ್ ಎಂದರೆ ಬಂದೂಕು, ರಾಕ್ಷಸರು, ಗದ್ದಲ ಎಂದುಕೊಂಡು ಒಲ್ಲದ ಮನಸ್ಸಿನಿಂದಲೇ ಒಪ್ಪಿದೆವು. ನೋಡಿದರೆ ಅದು ನಮ್ಮ ಹಳೆಯ ಪರಿಚಯದ ‘ಸ್ಟಾರ್ ಟ್ರೆಕ್’.

ಈ ಲೇಖನಕ್ಕೆ ಆ ಸಂಜೆಯೇ ಕಾರಣ. ವೈಜ್ಞಾನಿಕ ಕಲ್ಪಿತ ಕಥೆಗಳಿಗೂ ಶರಣ ಧರ್ಮದ ಪತ್ರಿಕೆಗೂ ಏನು ಸಂಬಂಧವೆಂದು ಹಿರಿಯ ಓದುಗರು ಹುಬ್ಬೇರಿಸಬಹುದು. ನಮ್ಮ ಮಕ್ಕಳು ಮೊಮ್ಮಕ್ಕಳು ನಾಳಿನ ಸಮಾಜ ಹೇಗಿರಬೇಕೆಂಬುದನ್ನು ಇಂದು ಕಲಿಯುತ್ತಿರುವುದು ಬಹುಮಟ್ಟಿಗೆ ಆ ಪರದೆಯಿಂದಲೇ. ಅಲ್ಲದೆ ಬೆಂಗಳೂರಿನ ಉತ್ತರ ಭಾಗಕ್ಕೆ ಅಂತರಿಕ್ಷವೇನೂ ಹೊರಗಿನ ಮಾತಲ್ಲ. ಯಶವಂತಪುರದಾಚೆಯ ಪೀಣ್ಯದ ತಗಡು ಹೊದಿಸಿದ ಶೆಡ್ಡುಗಳಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಸಿದ್ಧವಾದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಆಗಸಕ್ಕೇರಿತು. ಇಸ್ರೋ ಸಂಸ್ಥೆಯ ಕೇಂದ್ರ ಕಚೇರಿಯಾದ ಅಂತರಿಕ್ಷ ಭವನ ಇರುವುದು ಹೊಸ ಬಿ.ಇ.ಎಲ್. ರಸ್ತೆಯಲ್ಲಿ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ವಿಮಾನ ಪ್ರದರ್ಶನ ನಡೆಯುತ್ತ ಬಂದಿದೆ. ಆ ದಿನಗಳಲ್ಲಿ ಬಹುಮಹಡಿಗಳ ಮಾಳಿಗೆಯ ಮೇಲಿನವರೂ, ಪಕ್ಕದ ತಗಡಿನ ಶೆಡ್ಡುಗಳಲ್ಲಿರುವ ಕಟ್ಟಡದ ಕೂಲಿಯವರೂ ಏಕಕಾಲದಲ್ಲಿ ತಲೆಯೆತ್ತಿ ಆಕಾಶ ನೋಡುವುದನ್ನು ನಾವು ಕಂಡಿದ್ದೇವೆ.

ಶಾಲೆ ಎಲ್ಲರದು, ಸಾಲು ಊರಿನದು

ನಾವು ಟಿ.ವಿ. ಎಂಬ ವಸ್ತುವನ್ನು ಮೊದಲು ಕಂಡದ್ದೂ ಅಂತರಿಕ್ಷದ ದೆಸೆಯಿಂದಲೇ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಬಳಸಿಕೊಂಡು ನಮ್ಮ ಸರಕಾರವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ನೇರವಾಗಿ ತಲುಪಿಸುವ ಪ್ರಯೋಗ ನಡೆಸಿತು. ‘ಸೈಟ್’ ಎಂಬುದು ಅದರ ಹೆಸರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಬಿಜಾಪುರ ಜಿಲ್ಲೆಯ ನಮ್ಮ ಹಳ್ಳಿಗೂ ಒಂದು ಪೆಟ್ಟಿಗೆ ಬಂದಿತು. ಶಾಲೆಯ ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಕೊಡೆಯೊಂದನ್ನು ಮಗುಚಿಟ್ಟಂತೆ ಆಂಟೆನಾ ಕೂರಿಸಿದರು. ಶಾಲೆ ಎಲ್ಲರದೂ ಆದ್ದರಿಂದ ಪೆಟ್ಟಿಗೆ ಅಲ್ಲಿಯೇ ಇರತಕ್ಕದ್ದೆಂದು ಮೇಲಿನವರ ಇಚ್ಛೆ. ಇಚ್ಛೆಯೇನೋ ಒಳ್ಳೆಯದೇ. ಆದರೆ ಸಂಜೆ ಪೆಟ್ಟಿಗೆ ಬೆಳಗಿದಾಗ ಮುಂದಿನ ಬೆಂಚುಗಳಲ್ಲಿ ಗೌಡರ ಮನೆಯವರು, ಕೆಳಗೆ ಚಾಪೆಯ ಮೇಲೆ ನಮ್ಮಂಥವರು, ಗೋಡೆಗೊರಗಿ ಹೆಣ್ಣುಮಕ್ಕಳು, ಕಾಂಪೌಂಡಿನ ಆಚೆ ನಿಂತುಕೊಂಡು ದಲಿತ ಕೇರಿಯವರು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬಿದ್ದ ಕಿರಣ ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿತು. ಕೊನೆಯ ಇಪ್ಪತ್ತು ಅಡಿಗಳಲ್ಲಿ ಮಾತ್ರ ಅದಕ್ಕೆ ಮೇಲು ಕೀಳು ಅಂಟಿಕೊಂಡಿತು. ಆಗ ನಮಗೆ ಹದಿನೈದು ವರ್ಷ. ಅದರಲ್ಲಿ ತಪ್ಪೇನಿದೆಯೆಂದು ಕೂಡ ಹೊಳೆದಿರಲಿಲ್ಲ.

ಅನಂತರ ಓದಿಗಾಗಿ ಬೆಂಗಳೂರಿಗೆ ಬಂದು ಯಶವಂತಪುರದಲ್ಲಿ ಕೊಠಡಿ ಹಿಡಿದೆವು. 1980ರ ದಶಕದಲ್ಲಿ ಭಾನುವಾರದ ಬೆಳಗಿನ ಹೊತ್ತು ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿದ್ದುದು ಅನೇಕ ಓದುಗರಿಗೆ ನೆನಪಿರಬಹುದು. ಮನೆಯ ಮಾಲೀಕರ ಪಡಸಾಲೆಯಲ್ಲಿ ಹತ್ತಾರು ಜನ ಕುಳಿತು ನೋಡುತ್ತಿದ್ದೆವು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಊಹಿಸಿಕೊಳ್ಳುತ್ತಿದ್ದೆವು. ಚೂಪು ಕಿವಿಯ ಸ್ಪಾಕ್ ನಮಗೆ ಯಾರೋ ನಿರಾಭಾರಿ ವೈರಾಗ್ಯಮೂರ್ತಿಯಂತೆ ತೋರುತ್ತಿದ್ದ.

ಜೀನ್ ರಾಡೆನ್‌ಬೆರಿ ಎಂಬವರು ರೂಪಿಸಿದ ಈ ಧಾರಾವಾಹಿ ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು. 1969ರಲ್ಲಿ 79 ಕಂತುಗಳಿಗೆ ನಿಂತುಹೋಯಿತು. ಕಥೆ ನಡೆಯುವುದು ಇಪ್ಪತ್ತಮೂರನೆಯ ಶತಮಾನದಲ್ಲಿ. ಭೂಲೋಕದಲ್ಲಿ ಯುದ್ಧವಿಲ್ಲ, ಹಸಿವಿಲ್ಲ, ವರ್ಣಭೇದವಿಲ್ಲ. ‘ಎಂಟರ್‌ಪ್ರೈಸ್’ ಎಂಬ ಗಗನನೌಕೆಯಲ್ಲಿ ಬಿಳಿಯ ನಾಯಕನ ಜೊತೆಗೆ ಜಪಾನೀ ಮೂಲದವನು, ರಷ್ಯನ್ನನು, ಆಫ್ರಿಕದ ಮಹಿಳೆ, ಅನ್ಯಗ್ರಹದವನು ಒಟ್ಟಾಗಿ ದುಡಿಯುತ್ತಾರೆ. ಅಮೆರಿಕ ರಷ್ಯಗಳು ಹಲ್ಲು ಮಸೆಯುತ್ತಿದ್ದ ಕಾಲವದು. ಆ ದೇಶದ ಕರಿಯರು ಮತದಾನದ ಹಕ್ಕಿಗಾಗಿ ಬೀದಿಯಲ್ಲಿ ಏಟು ತಿಂದು ಇನ್ನೂ ಎರಡು ವರ್ಷವೂ ಕಳೆದಿರಲಿಲ್ಲ. ಉಹುರಾ ಎಂಬ ಅಧಿಕಾರಿಯ ಪಾತ್ರ ವಹಿಸಿದ್ದ ನಿಶೆಲ್ ನಿಕೋಲ್ಸ್ ಬೇಸತ್ತು ಬಿಟ್ಟುಹೋಗಲು ನಿಶ್ಚಯಿಸಿದ್ದಾಗ, ಮಾರ್ಟಿನ್ ಲೂಥರ್ ಕಿಂಗ್ ಅವರೇ ಆಕೆಯನ್ನು ಕಂಡು ಬಿಡಕೂಡದೆಂದು ಒತ್ತಾಯಿಸಿದರೆಂದು ಆಕೆ ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ಆ ಪಾತ್ರವನ್ನು ನೋಡುತ್ತ ಬೆಳೆದ ಬಾಲೆಯೊಬ್ಬಳು, ಮೇ ಜೆಮಿಸನ್, 1992ರಲ್ಲಿ ನಿಜವಾಗಿಯೇ ಅಂತರಿಕ್ಷಕ್ಕೆ ಹೋದ ಮೊದಲ ಕರಿಯ ಮಹಿಳೆಯಾದಳು. ಕನಸು ಕಾಣುವುದು ನಿಷ್ಪ್ರಯೋಜಕ ಎನ್ನುವವರು ಇದನ್ನು ಗಮನಿಸಬೇಕು. ನಮ್ಮಲ್ಲಿಯೂ 1989ರಲ್ಲಿ ದೂರದರ್ಶನದಲ್ಲಿ ‘ಇಂದ್ರಧನುಷ್’ ಎಂಬ ಮಕ್ಕಳ ವೈಜ್ಞಾನಿಕ ಧಾರಾವಾಹಿ ಬಂದಿತ್ತು. ಅದರಲ್ಲಿ ಅಭಿನಯಿಸಿದ ಗಿರೀಶ ಕಾರ್ನಾಡರೇ ಮರುವರ್ಷ ಕಲ್ಯಾಣದ ಪತನವನ್ನು ಕುರಿತ ‘ತಲೆದಂಡ’ ನಾಟಕವನ್ನು ಪ್ರಕಟಿಸಿದರೆಂಬುದು ಒಂದು ಸೋಜಿಗ.

ಮೋಡದ ಮೇಲಿನವರು

ಅಂದು ಹುಡುಗ ನಮಗೆ ತೋರಿಸಿದ ಕಂತು 1969ರ ಫೆಬ್ರವರಿ 28ರಂದು ಮೊದಲು ಪ್ರಸಾರವಾದ ‘ದಿ ಕ್ಲೌಡ್ ಮೈಂಡರ್ಸ್’. ಯೌವನದಲ್ಲಿ ನೋಡಿದ್ದೆವೋ ಇಲ್ಲವೋ ನೆನಪಿಗೆ ಬರಲಿಲ್ಲ. ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಆರ್ಡಾನಾ ಎಂಬ ಗ್ರಹ. ಅಲ್ಲಿ ಮೋಡಗಳ ಮೇಲೆ ತೇಲುವ ಸ್ಟ್ರಾಟೋಸ್ ಎಂಬ ಪಟ್ಟಣವಿದೆ. ಅಲ್ಲಿನವರು ಕಲೆ, ಶಿಲ್ಪ, ತತ್ತ್ವಚರ್ಚೆಗಳಲ್ಲಿ ಕಾಲ ಕಳೆಯುವ ಸಭ್ಯರು. ಹಿಂಸೆಯನ್ನು ತಾವು ಎಂದೋ ಬಿಟ್ಟಿದ್ದೇವೆಂದು ಹೇಳಿಕೊಳ್ಳುವವರು. ಕೆಳಗೆ, ಬಿಸಿಲು ಧೂಳಿನ ನೆಲದಲ್ಲಿ, ಟ್ರಾಗ್ಲೈಟರೆಂಬವರು ಜೆನೈಟ್ ಎಂಬ ಅದಿರನ್ನು ಅಗೆಯುತ್ತಾರೆ. ಬೇರೊಂದು ಗ್ರಹದಲ್ಲಿ ಸಸ್ಯಗಳಿಗೆ ಬಂದಿರುವ ಮಾರಿಯನ್ನು ತಡೆಯಲು ಆ ಅದಿರು ಬೇಕು. ನಮ್ಮ ಗಗನನೌಕೆ ಅದನ್ನು ಒಯ್ಯಲು ಬಂದಿದೆ. ಆದರೆ ಗಣಿಯವರು ದಂಗೆಯೆದ್ದು ಅದಿರನ್ನು ಬಚ್ಚಿಟ್ಟಿದ್ದಾರೆ.

ಮೇಲಿನವರ ವಾದ ಕೇಳತಕ್ಕದ್ದು. ಕೆಳಗಿನವರು ಹುಟ್ಟಿನಿಂದಲೇ ಮಂದಬುದ್ಧಿಗಳು, ಮುಂಗೋಪಿಗಳು. ಚಿತ್ರಕಲೆಯಾಗಲಿ ಸಂಗೀತವಾಗಲಿ ಅವರಿಗೆ ತಿಳಿಯದು. ಮೇಲೆ ಕರೆತಂದರೆ ಬೆಳಕನ್ನು ಕೂಡ ತಾಳಲಾರರು. ಆದ್ದರಿಂದ ಅವರವರ ಸ್ವಭಾವಕ್ಕೆ ತಕ್ಕಂತೆ ಅವರವರು ಇರುವುದೇ ಲೋಕಹಿತ. ನಮಗಂತೂ ಕುಳಿತಲ್ಲಿಯೇ ಮೈ ಬೆಚ್ಚಗಾಯಿತು. ಯಾವ ಹಾಲಿವುಡ್ಡಿನ ಲೇಖಕನೋ ನಮ್ಮ ವರ್ಣಾಶ್ರಮದ ವಕಾಲತ್ತನ್ನು ಅಕ್ಷರಶಃ ಬರೆದಿಟ್ಟಂತಿತ್ತು.

ಗಗನನೌಕೆಯ ವೈದ್ಯನು ಅದಿರನ್ನು ಪರೀಕ್ಷಿಸುತ್ತಾನೆ. ಅಗೆದ ಹಸಿ ಜೆನೈಟ್‌ನಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ಅನಿಲ ಹೊಮ್ಮುತ್ತದೆ. ಅದನ್ನು ಉಸಿರಾಡಿದವರ ಬುದ್ಧಿ ಮಂಕಾಗುತ್ತದೆ, ಸಿಟ್ಟು ಏರುತ್ತದೆ. ಗಣಿಯಿಂದ ದೂರವಿಟ್ಟರೆ ಕ್ರಮೇಣ ತಿಳಿಯಾಗುತ್ತದೆ. ಮೇಲಿನವರ ಮನೆಯಲ್ಲಿ ಸೇವಕಿಯಾಗಿದ್ದು, ಆಮೇಲೆ ದಂಗೆಯ ನಾಯಕಿಯಾದ ವನ್ನಾ ಎಂಬ ಗಣಿಯ ಹೆಣ್ಣುಮಗಳೇ ಅದಕ್ಕೆ ಸಾಕ್ಷಿ. ಅಂದರೆ ಕೊರತೆ ಇರುವುದು ಕುಲದಲ್ಲಲ್ಲ, ಅವರನ್ನು ಇಳಿಸಿದ ಕೆಲಸದಲ್ಲಿ. ಅದಕ್ಕೂ ಮಿಗಿಲಾಗಿ, ಆ ಕೆಲಸಕ್ಕೆ ರಕ್ಷಣೆ ಕೊಡದೆ ಬಿಟ್ಟವರಲ್ಲಿ. ಪಟ್ಟಣದ ಮುಖ್ಯಸ್ಥನಾದ ಪ್ಲಾಸಸ್ ಇದನ್ನು ನಂಬುವುದಿಲ್ಲ. ಆಗ ನೌಕೆಯ ನಾಯಕನು ಗಣಿಯ ಬಾಯಿ ಮುಚ್ಚಿಸಿ, ಅವನನ್ನೇ ಒಳಕ್ಕೆ ಬರಮಾಡಿ, ತಾನೂ ವನ್ನಾಳೂ ಅವನೊಡನೆ ಒಳಗೇ ಉಳಿಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಹಿಂಸೆ ಬಿಟ್ಟವನೆಂದು ಹೇಳಿಕೊಳ್ಳುತ್ತಿದ್ದ ಆ ಸುಸಂಸ್ಕೃತನೂ, ಜೊತೆಗೆ ನೌಕೆಯ ನಾಯಕನೂ, ಒಬ್ಬರ ಮೇಲೊಬ್ಬರು ಬಿದ್ದು ಕೊಲ್ಲಲು ಹೊರಡುತ್ತಾರೆ.

ಕೊನೆಗೆ ಗಣಿಯವರಿಗೆ ಮುಖಕ್ಕೆ ಕಟ್ಟಿಕೊಳ್ಳುವ ಶೋಧಕಗಳು ಸಿಗುತ್ತವೆ, ನೌಕೆಗೆ ಅದಿರು ಸಿಗುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿದ್ದೇವೆ: “ಅವರಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ.” ಮನೆಗೆಲಸಕ್ಕೆ ಬರುವವರ ವಿಷಯ. ನಸುಕಿನ ನಾಲ್ಕಕ್ಕೆದ್ದು, ತಗಡಿನ ಶೆಡ್ಡಿನಲ್ಲಿ ಅಡುಗೆ ಮಾಡಿಟ್ಟು, ಎರಡು ಬಸ್ಸು ಹಿಡಿದು, ಐದು ಮನೆಗಳ ಪಾತ್ರೆ ತೊಳೆಯುವವರ ತಲೆಗೆ ಆರನೆಯ ಮನೆಯಲ್ಲಿ ಏನು ಹತ್ತಬೇಕು? ಆಯಾಸಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಯಲಹಂಕ, ಥಣಿಸಂದ್ರದ ಸುತ್ತ ಈ ಗೋಪುರಗಳನ್ನು ಕಟ್ಟಿದ ಕುಟುಂಬಗಳು ಅದೆಷ್ಟೋ. ಕಟ್ಟುವಾಗ ಇಡೀ ಕಟ್ಟಡವೇ ಅವರ ಕೈಯಲ್ಲಿತ್ತು. ಮುಂದಿನ ಲಿಫ್ಟಿನ ಗುಂಡಿಯನ್ನು ತೋಡಿದವರೂ ಅವರೇ.

ಕಸಬರಿಗೆ ಎಲ್ಲಿದೆ?

ಇಷ್ಟು ದೂರ ಮೆಚ್ಚಿದ ಮೇಲೆ ಒಂದು ಆಕ್ಷೇಪಣೆಯನ್ನೂ ಹೇಳದೆ ವಿಧಿಯಿಲ್ಲ. ಪರರ ಗ್ರಹದಲ್ಲಿ ಮೇಲು ಕೀಳನ್ನು ಕಂಡು ಕೆರಳುವ ಆ ನೌಕೆಯಲ್ಲಿಯೇ ಏಣಿಯೊಂದಿದೆ. ನಾಯಕ, ಉಪನಾಯಕ, ಅಧಿಕಾರಿ, ಅಡಿಯಾಳು. ಅಪಾಯದ ನೆಲಕ್ಕೆ ಮೊದಲು ಕಾಲಿಟ್ಟು ಸಾಯುವವನು ಬಹುಶಃ ಕೆಂಪಂಗಿಯ, ಹೆಸರೂ ನೆನಪುಳಿಯದ ಸಿಪಾಯಿ; ಇದು ಆ ಧಾರಾವಾಹಿಯ ಅಭಿಮಾನಿಗಳಲ್ಲಿಯೇ ದೊಡ್ಡ ನಗೆಮಾತಾಗಿದೆ. ಏಣಿಯಿರುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ನೌಕೆಗೆ ನಾಯಕ ಬೇಕು, ಮಠಕ್ಕೆ ಪೀಠ ಬೇಕು. ಶೂನ್ಯ ಸಿಂಹಾಸನದ ಮೇಲೆ ಅಲ್ಲಮಪ್ರಭುಗಳೂ ಕುಳಿತಿದ್ದರು. ಹುಟ್ಟಿನಿಂದ ಬಂದ ಸ್ಥಾನ ಬೇರೆ, ಯೋಗ್ಯತೆಯಿಂದ ಬಂದ ಸ್ಥಾನ ಬೇರೆ.

ನಮ್ಮನ್ನು ಕಾಡಿದ್ದು ಮತ್ತೊಂದು ಸಂಗತಿ. ನಾಲ್ಕುನೂರಕ್ಕೂ ಹೆಚ್ಚು ಜನರಿರುವ ಆ ನೌಕೆಯಲ್ಲಿ ಕಸ ಗುಡಿಸುವವರಾಗಲಿ, ಬಟ್ಟೆ ಒಗೆಯುವವರಾಗಲಿ, ಎಂಜಲು ತೆಗೆಯುವವರಾಗಲಿ ನಮಗೆ ಕಣ್ಣಿಗೆ ಬೀಳಲಿಲ್ಲ. 1987ರಲ್ಲಿ ಆರಂಭವಾದ ಅದರ ಮುಂದುವರಿಕೆಯ ಧಾರಾವಾಹಿಯಲ್ಲಂತೂ ಬೇಕೆಂದ ಊಟವನ್ನು ಗೋಡೆಯೊಳಗಿನ ಯಂತ್ರವೇ ಕ್ಷಣದಲ್ಲಿ ಒದಗಿಸುತ್ತದೆ. ಪುರಾಣದ ಕಾಮಧೇನುವಿಗೂ ಇದಕ್ಕೂ ಏನು ವ್ಯತ್ಯಾಸ? ಪಶ್ಚಿಮದವರ ಆದರ್ಶ ರಾಜ್ಯದಲ್ಲಿ ದುಡಿಮೆಯ ಪ್ರಶ್ನೆಗೆ ಉತ್ತರ ಇದು: ದುಡಿಮೆಯನ್ನೇ ಇಲ್ಲವಾಗಿಸುವುದು. ಕೆಳಗೆ ಕೂರುವವರು ಯಾರೂ ಇಲ್ಲದಿದ್ದರೆ ಮೇಲು ಕೀಳಿನ ಮಾತೇ ಏಳುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಥ ಯಂತ್ರವಿರಲಿಲ್ಲ. ಇಂದು ಬೀದರ್ ಜಿಲ್ಲೆಯ ಬಸವಕಲ್ಯಾಣವೆಂದು ಕರೆಸಿಕೊಳ್ಳುವ ಆ ಪಟ್ಟಣದಲ್ಲಿ, ಕಳಚೂರಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಸೇರಿದವರು ಎಲ್ಲ ಕೊಳೆಯ, ಎಲ್ಲ ಬೆವರಿನ ಕಸುಬಿನವರು. ಅನುಭವ ಮಂಟಪವೆಂಬುದು ಕಲ್ಲಿನ ಕಟ್ಟಡವಾಗಿತ್ತೋ, ಮಹಾಮನೆಯ ಕೂಟಕ್ಕೇ ಆ ಹೆಸರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಇದೆ. ಆ ಚರ್ಚೆ ನಮಗೆ ಇಲ್ಲಿ ಮುಖ್ಯವಲ್ಲ. ಬಟ್ಟೆ ಮಡಿ ಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು, ತೊಗಲು ಹದ ಮಾಡುವ ಕಕ್ಕಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ಬುಟ್ಟಿ ಹೆಣೆಯುವ ಕೇತಯ್ಯನವರು. ಇವರ ಕಸುಬು ಇವರ ಹೆಸರಿನ ಮೊದಲಿಗೇ ಕುಳಿತಿದೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನವರ ವಚನಗಳು ಉಳಿದು ಬಂದಿವೆ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಸೇವಕನು ಅಧಿಕಾರಿಯಾಗುವ ಕಥೆ ಎಲ್ಲ ನಾಡಿನಲ್ಲಿಯೂ ಉಂಟು, ಅಮೆರಿಕಕ್ಕೆ ಅದು ಅತಿ ಪ್ರಿಯ. ಅರಸನು ಕಟ್ಟಿಗೆ ಹೊರುವ ಕಥೆ ಎಷ್ಟು ನಾಡುಗಳಲ್ಲಿದೆ?

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚೆಂದು ಹೇಳಿ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದರು. ಹಣವಿಲ್ಲದ ಲೋಕ ಎಂದು ಹುಡುಗ ಹೆಮ್ಮೆಯಿಂದ ಹೇಳಿದಾಗ ನಮಗೆ ನೆನಪಾದದ್ದು ಆ ತಾಯಿ. ಬೇಕಾದ್ದನ್ನೆಲ್ಲ ಯಂತ್ರ ಕೊಡುವಾಗ ದುರಾಸೆ ಬಿಡುವುದು ಸುಲಭ. ನೆಲದ ಮೇಲಿನ ಕಾಳನ್ನು ಒಂದೊಂದಾಗಿ ಆಯುವವರು ಹೆಚ್ಚಾದದ್ದನ್ನು ಹಿಂದಕ್ಕೆ ಕಳಿಸಿದ್ದು ಬೇರೆಯೇ ಮಾತು.

ಹೀಗೆ ಒಂದು ಆದರ್ಶ ದುಡಿಮೆಯನ್ನು ಮರೆಯಿಸಿತು, ಇನ್ನೊಂದು ದುಡಿಮೆಗೆ ಅಂಟಿದ್ದ ಹೀನಭಾವವನ್ನು ತೊಳೆಯಿತು. ಹೆಬ್ಬಾಳದ ನಮ್ಮ ಗೋಪುರಗಳು ಮೂರನೆಯದೊಂದು ದಾರಿ ಕಂಡುಕೊಂಡಿವೆ. ದುಡಿಮೆ ಬೇಕು, ದುಡಿಯುವವರು ಕಾಣಬಾರದು. ಅಂತಸ್ತು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಮಹಡಿಯೆಂದೂ ಸ್ಥಾನಮಾನವೆಂದೂ ಎರಡರ್ಥವಿರುವುದನ್ನು ನಾವು ಆ ರಾತ್ರಿ ಕೆಳಗಿಳಿಯುವಾಗ ಯೋಚಿಸುತ್ತಿದ್ದೆವು.

ಮನೆಯೊಳಗಿನ ಗೋಡೆಗಳು

ಫಲಕ ಹಾಕಿದ ಸಂಘದವರನ್ನು ದೂಷಿಸುವುದು ಸುಲಭ. ನಮ್ಮ ಕಥೆಯನ್ನೂ ಹೇಳಬೇಕು. ನಾವು ಓದಿದ ಮಠದಲ್ಲಿ ಸಾವಿರಾರು ಮಕ್ಕಳಿಗೆ ಉಚಿತ ಅನ್ನ, ಅಕ್ಷರ ದೊರೆತಿದೆ. ಆ ಋಣ ತೀರಿಸಲಾರದ್ದು. ಆದರೂ ನಮ್ಮ ಬಾಲ್ಯದಲ್ಲಿ ಅಲ್ಲಿ ಪ್ರಸಾದದ ಸಾಲುಗಳು ಎರಡಿದ್ದವು. ಯಾರೂ ಘೋಷಿಸಿರಲಿಲ್ಲ, ಯಾವ ಹುಡುಗ ಎಲ್ಲಿ ಕೂರಬೇಕೆಂಬುದು ಎಲ್ಲ ಹುಡುಗರಿಗೂ ತಿಳಿದಿತ್ತು. ಮುಂದೆ ಬಂದ ಹಿರಿಯರು ಒಂದು ದಿನ ತಾವೇ ಬಂದು ಎರಡನೆಯ ಸಾಲಿನ ಕೊನೆಯಲ್ಲಿ ಕುಳಿತರು. ಮರುದಿನದಿಂದ ಸಾಲುಗಳು ಕಲೆತವು. ಉಪದೇಶವೊಂದೂ ಆಗಲಿಲ್ಲ.

ಮದುವೆಯ ಮಾತು ಇದಕ್ಕಿಂತ ಕಠಿಣ. 2019ರಲ್ಲಿ ‘ಲೈಲಾ’ ಎಂಬ ಆರು ಕಂತುಗಳ ಹಿಂದಿ ಧಾರಾವಾಹಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಪ್ರಯಾಗ್ ಅಕ್ಬರ್ ಅವರ ಕಾದಂಬರಿ ಅದಕ್ಕೆ ಆಧಾರ. ನಿರ್ದೇಶಕರಲ್ಲಿ ಒಬ್ಬರು ನಮ್ಮ ಕನ್ನಡದ ಪವನ್ ಕುಮಾರ್. ಇದು ಆದರ್ಶದ ಕನಸಲ್ಲ, ಕೆಟ್ಟ ಕನಸು. ಮುಂದಿನ ದಶಕಗಳ ಒಂದು ನಗರದಲ್ಲಿ ಪ್ರತಿಯೊಂದು ಸಮುದಾಯವೂ ತನ್ನ ಸುತ್ತ ಎತ್ತರದ ಗೋಡೆ ಕಟ್ಟಿಕೊಂಡಿದೆ. ಒಳಗಿನವರಿಗೆ ನೀರುಂಟು, ಶುದ್ಧ ಗಾಳಿಯುಂಟು. ಹೊರಗಿನವರಿಗೆ ಎರಡೂ ಇಲ್ಲ. ಗೋಡೆ ದಾಟಿ ಮದುವೆಯಾದ ಹೆಣ್ಣಿನ ಮಗುವನ್ನು ಕಸಿದುಕೊಂಡು, ಆಕೆಯನ್ನು ಶುದ್ಧೀಕರಣದ ಶಿಬಿರಕ್ಕೆ ತಳ್ಳುತ್ತಾರೆ.

ಇದನ್ನು ನೋಡಿ ಅತಿಶಯೋಕ್ತಿ ಎಂದವರುಂಟು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯ ಕಥೆಯನ್ನು ಕೇಳಿ ಬೆಳೆದ ನಮಗೆ ಅತಿಶಯವೆನಿಸಲಿಲ್ಲ. ಒಟ್ಟಿಗೆ ಕುಳಿತು ಚರ್ಚಿಸಿದ್ದನ್ನು ಬಿಜ್ಜಳನ ರಾಜ್ಯ ಸಹಿಸಿತು, ಒಟ್ಟಿಗೆ ಉಂಡದ್ದನ್ನೂ ಹೇಗೋ ಸಹಿಸಿತು. ಚಮ್ಮಾರರ ಮನೆಗೆ ಬ್ರಾಹ್ಮಣ ಕುಲದಿಂದ ಬಂದ ಶರಣರ ಮಗಳು ಸೊಸೆಯಾದಾಗ ಮಾತ್ರ ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು. ಒಂದು ಆದರ್ಶ ಸಮಾಜ ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚುವ ಕಲ್ಲು ಎಲ್ಲಿದೆಯೆಂಬುದು ಅದರ ಶತ್ರುಗಳಿಗೆ ಚೆನ್ನಾಗಿ ತಿಳಿದಿರುತ್ತದೆ.

ಸಂಪಾದಕರು ಮನ್ನಿಸಬೇಕು, ನಮ್ಮವರ ಮಾಸಪತ್ರಿಕೆಗಳ ಕೊನೆಯ ಪುಟಗಳ ವಧು-ವರ ಅಂಕಣವನ್ನು ಓದುಗರು ಒಮ್ಮೆ ತೆರೆದು ನೋಡಬೇಕು. ಮುಖಪುಟದಲ್ಲಿ ಬಸವಣ್ಣನವರ ಭಾವಚಿತ್ರ. ಕೊನೆಯ ಪುಟದಲ್ಲಿ ‘ಲಿಂಗಾಯತ’ ಎಂಬುದರ ಮುಂದೆ ಪಂಚಮಸಾಲಿ, ಬಣಜಿಗ, ಸಾದರ, ನೊಣಬ, ಜಂಗಮ, ಗಾಣಿಗ ಎಂಬ ಒಂದೊಂದು ಗೋಡೆ. ಅದರ ಮುಂದೆ ‘ಸ್ವಜಾತಿಯವರಿಗೆ ಆದ್ಯತೆ’. 2024ರ ಜನವರಿಯಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಹಿಂದಿನ ದಿನವೂ ಮುಂದಿನ ದಿನವೂ ಅಂಕಣ ಹಾಗೆಯೇ ಇತ್ತು. ನಮ್ಮ ಹಿರಿಯ ಮಗಳಿಗೆ ಸಂಬಂಧ ನೋಡುವಾಗ ನಾವೂ ಉಪಪಂಗಡವನ್ನು ಕೇಳಿಯೇ ಮುಂದುವರಿದೆವು. ಆಗ ಮನೆಗೆ ಬಂದಿದ್ದ ಒಂದು ಜಾತಕದ ಹುಡುಗ ವಿದ್ಯಾವಂತ, ನಿತ್ಯ ಲಿಂಗಪೂಜೆ ಮಾಡುವವನು, ಹಡಪದ ಸಮಾಜದವನು. ಹೊಂದಾಣಿಕೆಯಾಗದೆಂದು ಹೇಳಿ ಕಳಿಸಿದೆವು. ಬಸವಣ್ಣನವರ ಅತ್ಯಂತ ಸಮೀಪವರ್ತಿಯಾಗಿದ್ದ ಅಪ್ಪಣ್ಣನವರು ಯಾವ ಕಾಯಕದವರೆಂದು ಆ ವಾರವೇ ಒಂದು ಸಭೆಯಲ್ಲಿ ಉಪನ್ಯಾಸ ಮಾಡಿದ್ದೆವು. ಮುಗಿಲ ಪಟ್ಟಣಕ್ಕೆ ಮೇಲೆ ಹೋಗುವುದೇ ಬೇಕಿಲ್ಲ.

ಕಾರ್ತಿಕದಲ್ಲಿ ಆ ದಂಪತಿಗಳು ಮತ್ತೆ ಕರೆಸಿದರು. ಅಷ್ಟರಲ್ಲಿ ಮನೆಯ ಯಜಮಾನತಿಯವರು ಸಂಘದ ಸಭೆಯಲ್ಲಿ ಫಲಕದ ವಿಷಯ ಎತ್ತಿದ್ದರೆಂದು ತಿಳಿಯಿತು. ಕೆಲವರು ಒಪ್ಪಿದರಂತೆ. ಕೆಲವರು ಸ್ವಚ್ಛತೆಯ ಮಾತು ಹೇಳಿದರಂತೆ, ಕೆಲವರು ಸುರಕ್ಷತೆಯ ಮಾತು. ಒಬ್ಬ ಹಿರಿಯರು ‘ಅವರಿಗೇ ಮುಂದಿನ ಲಿಫ್ಟಿನಲ್ಲಿ ಬರಲು ಮುಜುಗರ’ ಎಂದರಂತೆ. ತೀರ್ಮಾನವನ್ನು ವಾರ್ಷಿಕ ಸಭೆಗೆ ಮುಂದೂಡಿದ್ದಾರೆ. ಫಲಕ ಇನ್ನೂ ಅಲ್ಲಿಯೇ ಇದೆ.

ಕೆಳಗೆ ಆ ತಾಯಿ ನಮ್ಮ ಚೀಲಕ್ಕೆ ಕೈ ಚಾಚಿದಾಗ, ಚೀಲವನ್ನು ಕೊಟ್ಟು ಅವರ ಜೊತೆಗೇ ಹಿಂದಿನ ಲಿಫ್ಟಿನ ಕಡೆಗೆ ನಡೆದೆವು. ಅವರು ಗಾಬರಿಯಾದರು. “ಬ್ಯಾಡ್ರಿ ಅಜ್ಜಾರ, ಅಲ್ಲಿ ಕಸದ ಡಬ್ಬಿ ಇರ್ತಾವ.” ಇರಲಿ ತಂಗಿ ಎಂದೆವು. ಯಾವುದೋ ಮನೆಯ ಫರಶಿಕಲ್ಲು ಏರುತ್ತಿದ್ದುದರಿಂದ ಬಹಳ ಹೊತ್ತು ಕಾಯಬೇಕಾಯಿತು. ಕಾಯುತ್ತ ಅವರಿಗೆ ಮೋಡದ ಪಟ್ಟಣದ ಕಥೆ ಹೇಳಿದೆವು. ಮೊದಲ ಸಲ ಬಂದಾಗ ಅದನ್ನು ನೋಡುವಾಗ ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಗಮನವಿಟ್ಟು ಕೇಳಿದರು.

“ಮಾರಿಗೆ ಕಟ್ಟಗೊಳ್ಳೂದು ಕೊಟ್ಟ್ರಲ್ಲ, ಆಮ್ಯಾಲ ಆ ಮಂದಿ ಮ್ಯಾಲ ಊರಿಗೆ ಹೋದ್ರೇನು, ತೆಳಗ ಉಳದ್ರ?”

ಅದನ್ನು ಕಥೆ ಹೇಳುವುದಿಲ್ಲ, ಹಡಗಿನವರು ಅದಿರು ತುಂಬಿಕೊಂಡು ಹೊರಟುಹೋಗುತ್ತಾರೆ ಎಂದೆವು.

“ಹೋಗ್ತಾರ್ ಬಿಡ್ರಿ, ಅವರಿಗೇನು” ಎಂದು ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಲಿಫ್ಟು ಕೆಳಗಿಳಿಯಿತು. ಕಲ್ಲಿನ ಪುಡಿ ತುಂಬಿದ್ದ ಅದರೊಳಗೆ ನಾವಿಬ್ಬರೂ, ಖಾಲಿ ಗಾಡಿ ತಳ್ಳಿಕೊಂಡು ಬಂದ ಇನ್ನೊಬ್ಬ ಕೂಲಿಯ ಹುಡುಗನೂ ಸೇರಿ ಮೇಲೇರಿದೆವು. ಅಂದಿನ ಗೋಷ್ಠಿಗೆ ಅವರೂ ಬಂದು ಕೂರಬೇಕೆಂದು ಕೇಳಿದ್ದಕ್ಕೆ, ಏಳಕ್ಕೆ ಇನ್ನೊಂದು ಮನೆಯ ಕೆಲಸವಿದೆಯೆಂದರು.